ಒಂಬತ್ತು ದಿನ

ಆ ಅರ್ಜಿ ತುಂಬಿದ ಕೈ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅಧಿಸೂಚನೆ, ನಿಯಮ, ನ್ಯಾಯಾಲಯ ಎಂದೆಲ್ಲ ಬರೆಯುವಾಗ ದೂರದಲ್ಲಿ ನಿಂತು ನೋಡಿದವನ ಮಾತಿನಂತೆ ಅದು ಕೇಳಿಸಬಾರದು.

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಗೋಡೆಯ ಮೇಲೆ ಸಾಲಾಗಿ ಅಂಟಿಸಿದ ಅಧಿಸೂಚನೆಗಳು. ಹನ್ನೆರಡು ವರ್ಷಗಳಿಂದ ಸರ್ಕಾರಿ ನೌಕರಿಯ ಅರ್ಜಿ ತುಂಬುತ್ತಿದ್ದೇನೆ. ಇಲ್ಲಿಂದ ಶ್ರೀನಗರ ಸರ್ಕಲ್‌ವರೆಗೆ ನಡೆದು ನೋಡಿದವರಿಗೆ ಈ ಊರಿನ ಇನ್ನೊಂದು ಮುಖ ಗೊತ್ತಿರುತ್ತದೆ. ಮನೆಗೊಂದು ಕೋಚಿಂಗ್ ಫಲಕ, ಮಹಡಿಗೊಂದು ರೀಡಿಂಗ್ ರೂಮ್, ಸಂದಿಗೊಂದು ಖಾನಾವಳಿ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಬಂದ ಮಕ್ಕಳು ನಾಲ್ಕೈದು ವರ್ಷ ಇಲ್ಲೇ ಉಳಿಯುತ್ತಾರೆ. ಬೆಳಗಿನ ಜಾವ ಐದಕ್ಕೆ ನಾನು ಹಾಲು ತರಲು ಹೊರಟಾಗಲೂ ರೀಡಿಂಗ್ ರೂಮಿನ ದೀಪ ಉರಿಯುತ್ತಿರುತ್ತದೆ.

ಶಿರಹಟ್ಟಿ ತಾಲ್ಲೂಕಿನ ಆ ಹುಡುಗಿ ಬಂದದ್ದು ಒಂದು ನೇಮಕಾತಿಯ ಕೊನೆಯ ದಿನದ ಸಂಜೆ. ಕೊನೆಯ ದಿನವೆಂದರೆ ನನ್ನ ಅಂಗಡಿಯಲ್ಲಿ ಜಾತ್ರೆ. ಸರ್ವರ್ ಎಳೆಯುತ್ತಿರುತ್ತದೆ, ಓಟಿಪಿ ಬರುವುದಿಲ್ಲ, ಬಂದರೂ ಹಾಕುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಆ ಹುದ್ದೆಗೆ ಕೇಳಿದ್ದ ವಿದ್ಯಾರ್ಹತೆ ಪದವಿ. ಅವಳು ಕೊನೆಯ ಸೆಮಿಸ್ಟರ್ ಬರೆದಾಗಿತ್ತು, ಫಲಿತಾಂಶ ಬಂದಿರಲಿಲ್ಲ. ಕೋವಿಡ್ ನಂತರ ವಿಶ್ವವಿದ್ಯಾಲಯಗಳ ವೇಳಾಪಟ್ಟಿ ತಿಂಗಳುಗಟ್ಟಲೆ ಹಿಂದೆ ಬಿದ್ದಿದ್ದ ಕಾಲ ಅದು. ಅವಳು ‘ಸರ್, ಈ ವಾರದಲ್ಲಿ ಬಿಡುತ್ತಾರಂತೆ’ ಎಂದಳು. ಅರ್ಜಿಯಲ್ಲಿ ‘ಉತ್ತೀರ್ಣರಾದ ತಿಂಗಳು ಮತ್ತು ವರ್ಷ’ ಎಂಬ ಒಂದು ಚೌಕವಿತ್ತು. ಅವಳ ಪರೀಕ್ಷೆ ನಡೆದದ್ದು ಸೆಪ್ಟೆಂಬರ್‌ನಲ್ಲಿ. ಅಂಕಪಟ್ಟಿಯ ನೆತ್ತಿಯ ಮೇಲೂ ಸೆಪ್ಟೆಂಬರ್ ಎಂದೇ ಬರುತ್ತದೆಂದು ನನಗೆ ಗೊತ್ತಿತ್ತು. ಹಿಂದಿನ ಸೆಮಿಸ್ಟರ್‌ಗಳ ಅಂಕ ಲೆಕ್ಕ ಹಾಕಿ, ಸೆಪ್ಟೆಂಬರ್ ಎಂದು ತುಂಬಿ, ‘ಮೇಲಿನ ಮಾಹಿತಿ ಸತ್ಯವಾಗಿದೆ’ ಎಂಬ ಸಾಲಿನ ಪಕ್ಕ ಗುರುತು ಹಾಕಿದೆ. ಅವಳ ಹಿಂದೆ ಇನ್ನೂ ಹನ್ನೊಂದು ಜನ ನಿಂತಿದ್ದರು.

ಫಲಿತಾಂಶ ಆ ವಾರ ಬರಲಿಲ್ಲ. ಕೊನೆಯ ದಿನಾಂಕ ಕಳೆದು ಒಂಬತ್ತು ದಿನಕ್ಕೆ ಬಂತು. ಪ್ರಥಮ ದರ್ಜೆ.

ಮುಂದೆ ಒಂದೂವರೆ ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಪ್ರವೇಶಪತ್ರ ಬಂತು, ಪರೀಕ್ಷೆ ಬರೆದಳು, ಕೀ ಉತ್ತರ ಬಂತು, ಆಕ್ಷೇಪಣೆಗಳು ಮುಗಿದವು, ತಾತ್ಕಾಲಿಕ ಆಯ್ಕೆಪಟ್ಟಿಯಲ್ಲಿ ಅವಳ ಸಂಖ್ಯೆಯಿತ್ತು. ಅಂಗಡಿಗೆ ಪೇಢೆ ತಂದಳು. ಆಮೇಲೆ ಮೂಲ ದಾಖಲೆಗಳ ಪರಿಶೀಲನೆ. ಅಲ್ಲಿ ಕುಳಿತಿದ್ದವರು ಅಂಕಪಟ್ಟಿಯ ಮೇಲ್ಭಾಗ ನೋಡಲೇ ಇಲ್ಲವಂತೆ. ಕೆಳಗೆ, ಕುಲಸಚಿವರ ಸಹಿಯ ಪಕ್ಕದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಫಲಿತಾಂಶ ಪ್ರಕಟವಾದ ದಿನಾಂಕ ಮುದ್ರಿಸಿರುತ್ತಾರೆ. ಅದರ ಮೇಲೆ ಪೆನ್ನಿನ ತುದಿ ಇಟ್ಟು, ‘ತಂಗಿ, ಇದು ನಮ್ಮ ಕೈಯಲ್ಲಿಲ್ಲ’ ಎಂದರಂತೆ. ಕೆಲವು ವಾರಗಳ ನಂತರ ಹಿಂಬರಹ ಬಂತು. ಎರಡು ಸಾಲು: ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದಂದು ನಿಗದಿತ ವಿದ್ಯಾರ್ಹತೆ ಹೊಂದಿರದ ಕಾರಣ ಅನರ್ಹಗೊಳಿಸಲಾಗಿದೆ.

ಅವಳ ತಂದೆ ಅಂಗಡಿಗೆ ಬಂದರು. ಮೂರು ಎಕರೆ ಮಸಾರಿ ಭೂಮಿಯಲ್ಲಿ ಶೇಂಗಾ, ಮೆಣಸಿನಕಾಯಿ ಬೆಳೆಯುವ ರೈತ. ಬಿಳಿ ಧೋತರ, ಹೆಗಲ ಮೇಲೆ ಟವೆಲ್. ಜಗಳಕ್ಕೆ ಬಂದಿರಬೇಕು ಎಂದು ನಾನು ಎದ್ದು ನಿಂತೆ. ಅವರು ಸ್ಟೂಲಿನ ಮೇಲೆ ಕೂತು ನೀರು ಕೇಳಿದರು. ಕುಡಿದ ಮೇಲೆ, ‘ಡಿಗ್ರಿ ಪಾಸಾಗಿದ್ದಾಳೆ, ಈ ಪರೀಕ್ಷೆಯೂ ಪಾಸಾಗಿದ್ದಾಳೆ. ಹಾಗಾದರೆ ಅವಳು ನಪಾಸಾದದ್ದು ಯಾವುದರಲ್ಲಿ ಸಾಹೇಬರೇ?’ ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಹುಡುಕುತ್ತಿದ್ದೇನೆ.

ಮೊದಲು ವಕೀಲರ ಬಳಿ ಹೋದೆವು. ಧಾರವಾಡದಲ್ಲೇ ಹೈಕೋರ್ಟ್ ಪೀಠವಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. ಆ ಹೋರಾಟದ ದಿನಗಳಲ್ಲಿ ಈ ಊರಿನ ಮೆರವಣಿಗೆಗಳಲ್ಲಿ ನಾನೂ ನಡೆದಿದ್ದೇನೆ. ಆದರೆ ರಾಜ್ಯ ಸರ್ಕಾರದ ನೇಮಕಾತಿಯ ತಕರಾರು ನೇರವಾಗಿ ಹೈಕೋರ್ಟಿಗೆ ಹೋಗುವುದಿಲ್ಲ, ಮೊದಲು ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ನಮ್ಮ ಭಾಗದ ಪೀಠ ಇರುವುದು ಬೆಳಗಾವಿಯಲ್ಲಿ. ಅಲ್ಲಿ ಸೋತವರು ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಬರಬಹುದು. 1997ರಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯನ್ನು ಖಚಿತಪಡಿಸಿತು. ವಕೀಲರು ಪ್ರಾಮಾಣಿಕರು. ‘ಫೀಸು ತೆಗೆದುಕೊಂಡು ಕೇಸು ಹಾಕಬಲ್ಲೆ, ಗೆಲ್ಲುತ್ತೇನೆಂದು ಹೇಳಲಾರೆ’ ಎಂದು ಹೇಳಿ, ಅದೇ 1997ರ ಇನ್ನೊಂದು ತೀರ್ಪು ತೆಗೆದು ತೋರಿಸಿದರು: ಅಶೋಕ್ ಕುಮಾರ್ ಶರ್ಮಾ ಪ್ರಕರಣ.

ಜಮ್ಮು ಕಾಶ್ಮೀರದಲ್ಲಿ ಕಿರಿಯ ಎಂಜಿನಿಯರ್ ಹುದ್ದೆಗೆ ಅರ್ಜಿ ಕರೆದಿದ್ದರು. ಕೊನೆಯ ದಿನಾಂಕ 1982ರ ಜುಲೈ 15. ಕೆಲವರ ಫಲಿತಾಂಶ ಬಂದದ್ದು ಆಗಸ್ಟ್ 21ಕ್ಕೆ, ಸಂದರ್ಶನ ಶುರುವಾದದ್ದು ಆಗಸ್ಟ್ 24ಕ್ಕೆ. ಸಂದರ್ಶನದ ಹೊತ್ತಿಗೆ ಪದವಿ ಕೈಯಲ್ಲಿತ್ತಲ್ಲ, ಸಾಕಲ್ಲವೇ ಎಂಬುದು ಪ್ರಶ್ನೆ. ಮೊದಲು ಸಾಕು ಎಂದಿದ್ದ ಸುಪ್ರೀಂ ಕೋರ್ಟ್, ಮರುಪರಿಶೀಲನೆಯಲ್ಲಿ ಸಾಲದು ಎಂದಿತು. ಅರ್ಹತೆಯನ್ನು ಅಳೆಯಬೇಕಾದದ್ದು ಅರ್ಜಿಯ ಕೊನೆಯ ದಿನಾಂಕಕ್ಕೆ. ಜಾಹೀರಾತು ಎಂದರೆ ಇಡೀ ಸಮಾಜಕ್ಕೆ ಕೊಟ್ಟ ಮಾತು. ಆ ಮಾತನ್ನು ನಂಬಿ ಅರ್ಜಿ ಹಾಕದೆ ಉಳಿದವರು ಇರುತ್ತಾರೆ, ಅವರಿಗೆ ಅನ್ಯಾಯವಾಗಬಾರದು.

ಓದಿದಾಗ ನನಗೆ ಸಿಟ್ಟು ಬಂತು. ಅರ್ಜಿ ಹಾಕದೆ ಉಳಿದವರು ಯಾರು, ಎಲ್ಲಿದ್ದಾರೆ ಅವರು ಎಂದು ಮನಸ್ಸಿನಲ್ಲೇ ಕೇಳಿಕೊಂಡೆ. ಅವರು ನನ್ನ ಅಂಗಡಿಯಲ್ಲೇ ಇದ್ದರು.

ಶಿರಹಟ್ಟಿಯ ಹುಡುಗಿಯ ರೂಮಿನಲ್ಲಿ ಇನ್ನೊಬ್ಬಳಿದ್ದಳು, ಹಾನಗಲ್ ಕಡೆಯವಳು. ಅದೇ ವಿಶ್ವವಿದ್ಯಾಲಯ, ಅದೇ ಸೆಮಿಸ್ಟರ್, ಅದೇ ಬಾರದ ಫಲಿತಾಂಶ. ಅವಳು ಅಧಿಸೂಚನೆಯ ಪುಟಗಳನ್ನು ಓದಿ, ಕೊನೆಯ ದಿನಾಂಕದೊಳಗೆ ಪದವಿ ಪಡೆದಿರಬೇಕು ಎಂಬ ಸಾಲಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು, ಅರ್ಜಿ ಹಾಕಿರಲಿಲ್ಲ. ಓದಿನಲ್ಲಿ ಇಬ್ಬರೂ ಸಮ. ಹಿಂಬರಹ ಬಂದ ಮೇಲೆ ಒಂದು ದಿನ ಜೆರಾಕ್ಸ್‌ಗೆ ಬಂದವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ‘ಸರ್, ಅವಳ ಹೆಸರು ಪಟ್ಟಿಯಲ್ಲಿ ಉಳಿಯಲಿ ಎಂದು ನಾನೂ ದೇವರಲ್ಲಿ ಬೇಡಿಕೊಂಡೆ. ಆದರೆ ಉಳಿದಿದ್ದರೆ, ನಿಯಮ ಓದಿ ಮನೆಯಲ್ಲಿ ಕೂತ ನಾನು ತಪ್ಪು ಮಾಡಿದಂತೆ ಆಗುತ್ತಿತ್ತು ಅಲ್ಲವೇ?’ ಎಂದಳು.

ಕೊನೆಯ ದಿನಾಂಕದ ನಿಯಮದ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ನಿಯಮ ಸರಿಯಾಗಿದೆ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಎಳೆದ ಗೆರೆ ಎಲ್ಲರಿಗೂ ಒಂದೇ ಆಗಿರಬೇಕು. ಆದರೆ ಆ ತಂದೆಯ ಪ್ರಶ್ನೆ ಹಾಗೆಯೇ ಉಳಿಯಿತು. ಗೆರೆಯ ಆಚೆ ನಿಂತವಳನ್ನು ಒಳಗೆ ಬಿಟ್ಟು, ಒಂದೂವರೆ ವರ್ಷ ನಡೆಸಿ, ಗುರಿ ಕಾಣುವಾಗ ತಡೆದದ್ದು ಯಾಕೆ?

ನನ್ನ ಕಂಪ್ಯೂಟರಿನಲ್ಲಿ ದಿನಾಲು ಕಾಣುವ ಒಂದು ಸಂಗತಿ ಹೇಳುತ್ತೇನೆ. ಅರ್ಜಿಯಲ್ಲಿ ಜನ್ಮದಿನಾಂಕ ಹಾಕಿದ ಕೂಡಲೇ ತಂತ್ರಾಂಶ ವಯಸ್ಸನ್ನು ಲೆಕ್ಕ ಹಾಕುತ್ತದೆ. ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ 40. ಹೆಚ್ಚಿನ ಹುದ್ದೆಗಳಿಗೆ 2025ರ ತಾತ್ಕಾಲಿಕ ಸಡಿಲಿಕೆಗೆ ಮೊದಲು ಇದ್ದ ಮಿತಿ ಇದು. ಒಂದೇ ಒಂದು ದಿನ ಹೆಚ್ಚಾದರೂ ಕೆಂಪು ಅಕ್ಷರ ಮೂಡುತ್ತದೆ, ಮುಂದಿನ ಪುಟ ತೆರೆಯುವುದಿಲ್ಲ. ಎಷ್ಟು ಬೇಡಿಕೊಂಡರೂ ತೆರೆಯುವುದಿಲ್ಲ. ವಯಸ್ಸಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಅದೇ ತಂತ್ರಾಂಶ ವಿದ್ಯಾರ್ಹತೆಯ ಪುಟಕ್ಕೆ ಬಂದಾಗ ಏನು ಹಾಕಿದರೂ ಒಪ್ಪಿಕೊಳ್ಳುತ್ತದೆ. ಫಲಿತಾಂಶದ ದಿನಾಂಕ ಕೇಳುವ ಒಂದು ಚೌಕ, ಅದು ಕೊನೆಯ ದಿನಾಂಕಕ್ಕಿಂತ ಮುಂದಿದ್ದರೆ ಒಂದು ಕೆಂಪು ಸಾಲು, ಇಷ್ಟೇ ಬೇಕಿದ್ದದ್ದು. ಇದ್ದಿದ್ದರೆ ಆ ಸಂಜೆ ಅವಳು ಬೇಸರದಿಂದ ರೂಮಿಗೆ ಹೋಗಿ, ಮರುದಿನ ಬೇರೆ ಪುಸ್ತಕ ತೆರೆಯುತ್ತಿದ್ದಳು. ಒಂದೂವರೆ ವರ್ಷ ಉಳಿಯುತ್ತಿತ್ತು.

ಆದರೆ ಪ್ರವೇಶಪತ್ರದ ಹಿಂಬದಿಯಲ್ಲಿ ಬೇರೆಯೇ ಒಂದು ಸಾಲು ಇರುತ್ತದೆ: ಅಭ್ಯರ್ಥಿಯ ಅರ್ಹತೆಯನ್ನು ಪರಿಶೀಲಿಸದೆ ಷರತ್ತಿಗೆ ಒಳಪಟ್ಟು ಪ್ರವೇಶ ನೀಡಲಾಗಿದೆ. ಲಕ್ಷಗಟ್ಟಲೆ ಅರ್ಜಿಗಳನ್ನು ಮೊದಲೇ ಪರಿಶೀಲಿಸಲು ಆಗುವುದಿಲ್ಲ ಎನ್ನುತ್ತಾರೆ. ಕಾಗದದ ಅರ್ಜಿಯ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು. ಈಗ ಅಪ್‌ಲೋಡ್ ಆದ ದಾಖಲೆಗಳೆಲ್ಲ ನೇಮಕ ಮಾಡುವವರ ಕೈಯಲ್ಲೇ ಇರುತ್ತವೆ.

ದಿನಾಂಕದ್ದು ಹೇಗೋ ಲೆಕ್ಕ ಹಾಕಬಹುದಾದ ವಿಷಯ. ಅದಕ್ಕಿಂತ ಕಷ್ಟದ್ದು ‘ತತ್ಸಮಾನ’ ಎಂಬ ಪದ. ಪಿಯುಸಿ ಅಥವಾ ತತ್ಸಮಾನ, ಪದವಿ ಅಥವಾ ತತ್ಸಮಾನ. ನನ್ನ ಪರದೆಯ ಮೇಲೆ ಬಿ.ಎ., ಬಿ.ಎಸ್ಸಿ., ಬಿ.ಕಾಂ., ಬಿ.ಇ. ಎಂಬ ಪಟ್ಟಿ ಕೆಳಗಿಳಿದು ಕೊನೆಗೆ ‘ಇತರೆ’ ಎಂದು ನಿಲ್ಲುತ್ತದೆ. ಆ ‘ಇತರೆ’ಯನ್ನು ಒತ್ತುವಾಗೆಲ್ಲ ನನ್ನ ಬೆರಳು ತಡೆಯುತ್ತದೆ. ಬಿ.ವೋಕ್. ಎಂಬ ವೃತ್ತಿಪರ ಪದವಿ ಓದಿದವರು, ಹತ್ತನೆಯ ತರಗತಿಯ ನಂತರ ಡಿಪ್ಲೊಮಾ ಮಾಡಿ ಪಿಯುಸಿಯ ಮುಖವನ್ನೇ ನೋಡದವರು, ದೂರಶಿಕ್ಷಣದವರು, ಎಲ್ಲರೂ ಅಲ್ಲಿಗೇ ಬರಬೇಕು. ಯಾವುದು ಯಾವುದಕ್ಕೆ ಸಮಾನ ಎಂದು ವಿಶ್ವವಿದ್ಯಾಲಯದಲ್ಲಿ ಕೇಳಿದರೆ ನೇಮಕಾತಿ ಪ್ರಾಧಿಕಾರವನ್ನು ಕೇಳಿ ಎನ್ನುತ್ತಾರೆ. ಅಲ್ಲಿ ಕೇಳಿದರೆ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮ ನೋಡಿ ಎನ್ನುತ್ತಾರೆ. ಇಲಾಖೆಯ ಸಹಾಯವಾಣಿಯ ಉತ್ತರ: ದಾಖಲೆ ಪರಿಶೀಲನೆಯ ಹಂತದಲ್ಲಿ ತೀರ್ಮಾನಿಸಲಾಗುವುದು.

ನ್ಯಾಯಾಲಯಗಳೂ ಇದನ್ನು ತಮ್ಮ ಮೇಲೆ ಎಳೆದುಕೊಳ್ಳುವುದಿಲ್ಲ. 2010ರಲ್ಲಿ ಕೇರಳದ ಜ್ಯೋತಿ ಪ್ರಕರಣದಲ್ಲಿ ಡಿಪ್ಲೊಮಾ ಕೇಳಿದ್ದ ಹುದ್ದೆಗೆ ಎಂಜಿನಿಯರಿಂಗ್ ಪದವೀಧರರು ಅರ್ಹರು ಎಂದು ಸುಪ್ರೀಂ ಕೋರ್ಟ್ ಹೇಳಿತು. ಕೆಳಗಿನ ವಿದ್ಯಾರ್ಹತೆಯನ್ನು ಒಳಗೊಂಡ ಮೇಲಿನ ವಿದ್ಯಾರ್ಹತೆ ಸಾಕು ಎಂದು ಆ ರಾಜ್ಯದ ಸೇವಾ ನಿಯಮವೇ ಬರೆದಿಟ್ಟಿತ್ತು. 2018ರ ಡಿಸೆಂಬರ್‌ನಲ್ಲಿ ಜಹೂರ್ ಅಹ್ಮದ್ ರಾಥರ್ ಪ್ರಕರಣ ಬಂತು. ಜಮ್ಮು ಕಾಶ್ಮೀರದಲ್ಲಿ ಐಟಿಐ ಕೇಳಿದ್ದ ತಂತ್ರಜ್ಞರ ಹುದ್ದೆಗೆ ಡಿಪ್ಲೊಮಾದವರು ಬಂದಿದ್ದರು. ಅಲ್ಲಿ ಅಂಥ ನಿಯಮ ಇರಲಿಲ್ಲ. ಮೇಲಿನದು ಇದ್ದರೆ ಕೆಳಗಿನದು ತಾನಾಗಿಯೇ ಇದೆ ಎಂದು ಊಹಿಸಲು ಆಗುವುದಿಲ್ಲ, ಯಾವ ಹುದ್ದೆಗೆ ಯಾವ ಓದು ಬೇಕೆಂದು ಹೇಳುವುದು ಕೆಲಸ ಕೊಡುವವರ ಅಧಿಕಾರ ಎಂದು ಕೋರ್ಟ್ ಹೇಳಿತು. 2020ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಒಡಿಶಾದಲ್ಲಿ ರಾಷ್ಟ್ರೀಕೃತ ಬ್ಯಾಂಕೊಂದರ ಪ್ಯೂನ್ ಹುದ್ದೆಗೆ ಪದವೀಧರರು ಅರ್ಜಿ ಹಾಕುವಂತಿಲ್ಲ ಎಂದಿತ್ತು. ಒಬ್ಬ ಅಭ್ಯರ್ಥಿ ಪದವಿಯನ್ನು ಮುಚ್ಚಿಟ್ಟು ಆಯ್ಕೆಯಾದ. ಹೈಕೋರ್ಟ್ ಅವನ ಪರ ನಿಂತರೂ ಸುಪ್ರೀಂ ಕೋರ್ಟ್ ನಿಲ್ಲಲಿಲ್ಲ.

ಓದಿದ್ದನ್ನು ಬಚ್ಚಿಡುವ ಸ್ಥಿತಿ. ನನ್ನ ಅಂಗಡಿಯಲ್ಲೂ ಕಡಿಮೆ ವಿದ್ಯಾರ್ಹತೆಯ ಹುದ್ದೆಗಳಿಗೆ ಅರ್ಜಿ ಕರೆದಾಗ ಎಂ.ಎ. ಮಾಡಿದವರು ‘ಅದನ್ನು ಹಾಕಬೇಡಿ ಸರ್’ ಎಂದು ದನಿ ತಗ್ಗಿಸಿ ಹೇಳುತ್ತಾರೆ. ಆ ಎಂ.ಎ.ಗಾಗಿ ಮನೆಯಲ್ಲಿ ಯಾರೋ ಎತ್ತು ಮಾರಿರುತ್ತಾರೆ.

ಆದರೂ ಕೋರ್ಟಿನ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಹಿಂದೊಮ್ಮೆ ಕಿರಿಯ ಎಂಜಿನಿಯರ್ ಹುದ್ದೆಗಳ ಸಮಯದಲ್ಲಿ ಒಂದೇ ರೂಮಿನ ಇಬ್ಬರು ಹುಡುಗರು ನನ್ನೆದುರೇ ವಾದಕ್ಕೆ ಇಳಿದರು. ಒಬ್ಬ ಬಿ.ಇ., ಇನ್ನೊಬ್ಬ ಡಿಪ್ಲೊಮಾ. ಬಿ.ಇ. ಓದಿದವನು, ‘ನಾನು ಇವನಿಗಿಂತ ಹೆಚ್ಚೇ ಓದಿದ್ದೇನೆ, ನನಗೆ ಈ ಕೆಲಸ ಬರುವುದಿಲ್ಲವೇ?’ ಎಂದ. ಡಿಪ್ಲೊಮಾದವನು ಗದಗದ ನೇಕಾರರ ಮನೆಯ ಹುಡುಗ. ಅವನು, ‘ಅಣ್ಣ, ಇವನಿಗೆ ಮೇಲಿನ ಹುದ್ದೆಯ ಬಾಗಿಲೂ ತೆರೆದಿದೆ. ನನಗಿರುವುದು ಇದೊಂದೇ. ಇದಕ್ಕೂ ಇವನೇ ಬಂದರೆ ನಾನು ಎಲ್ಲಿಗೆ ಹೋಗಲಿ?’ ಎಂದು ಕೇಳಿದ. ಅಂಗಡಿಯಲ್ಲಿದ್ದವರೆಲ್ಲ ಸುಮ್ಮನಾದರು. ಹುದ್ದೆ ಬೆರಳೆಣಿಕೆ, ಕೈ ಚಾಚಿದವರು ಸಾವಿರಾರು. ಹೀಗಿರುವಾಗ ‘ಹೆಚ್ಚು ಓದಿದವನು ಹೆಚ್ಚು ಅರ್ಹ’ ಎಂದು ಕಣ್ಣು ಮುಚ್ಚಿ ಹೇಳಿದರೆ, ಹತ್ತನೆಯ ತರಗತಿಗೇ ಕೈಕೆಲಸ ಕಲಿತು ಮನೆಗೆ ಆಸರೆಯಾಗಬೇಕೆಂದು ಹೊರಟ ಬಡ ಮಕ್ಕಳಿಗೆ ಮೀಸಲಾದ ಮೆಟ್ಟಿಲನ್ನೂ ಕಸಿದಂತಾಗುತ್ತದೆ. ನಾನು ಡಿಪ್ಲೊಮಾ ಹುಡುಗನ ಪರ. ಬಿ.ಇ. ಓದಿದವನಿಗೆ ಇದು ನೋವಾಗುತ್ತದೆಂದು ಗೊತ್ತಿದ್ದೂ ಹೇಳುತ್ತೇನೆ.

ನನ್ನ ತಕರಾರು ಉತ್ತರ ಬರುವ ಹೊತ್ತಿನ ಬಗ್ಗೆ. ಶಿಕ್ಷಕರ ವಿಷಯವನ್ನೇ ನೋಡಿ. 1ರಿಂದ 5ನೇ ತರಗತಿಗೆ ಕಲಿಸಲು ಬಿ.ಇಡಿ. ಆದವರೂ ಬರಬಹುದು ಎಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2018ರ ಜೂನ್ 28ರಂದು ಅಧಿಸೂಚನೆ ಹೊರಡಿಸಿತು. ಡಿ.ಇಡಿ. ಆದವರು ವಿರೋಧಿಸಿದರು. ಎಳೆಯ ಮಕ್ಕಳಿಗೆ ಕಲಿಸುವ ತರಬೇತಿಯೇ ಬೇರೆ ಎಂಬ ಅವರ ಮಾತು ನ್ಯಾಯವಾದದ್ದೇ. ರಾಜಸ್ಥಾನದಿಂದ ಹೋದ ಪ್ರಕರಣದಲ್ಲಿ 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅವರ ಮಾತನ್ನು ಎತ್ತಿ ಹಿಡಿದು ಆ ಅಧಿಸೂಚನೆಯನ್ನು ರದ್ದುಮಾಡಿತು. ತೀರ್ಪು ಸರಿ. ಆದರೆ ನಡುವೆ ಐದು ವರ್ಷ ಹೋಗಿತ್ತು. ಸರ್ಕಾರಿ ಸಂಸ್ಥೆಯ ಮಾತನ್ನು ನಂಬಿ ಎಷ್ಟೋ ಮಂದಿ ಓದಿದ್ದರು. ಆ ತಾರೀಖಿಗಿಂತ ಮೊದಲು ನೇಮಕವಾದವರಿಗೆ ಕೋರ್ಟ್ ಮರುವರ್ಷ ರಕ್ಷಣೆ ಕೊಟ್ಟಿತು. ಓದುತ್ತ ಕಾಯುತ್ತಿದ್ದವರಿಗೆ ಏನೂ ಇರಲಿಲ್ಲ.

ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ್ದು ಇನ್ನೊಂದು ಕಥೆ. 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಪ್ರಕಟಿಸಿದ್ದು 2015ರಲ್ಲಿ. ಆ ಹೊತ್ತಿಗೆ ವಿದ್ಯಾರ್ಥಿಗಳು ಹಣ ಕಟ್ಟಿ, ಪರೀಕ್ಷೆ ಬರೆದು, ಮುಂದಿನ ವರ್ಷಕ್ಕೆ ಹೋಗಿದ್ದರು. ಮಾನ್ಯತೆ ಮರಳಿದ್ದು 2018ರಲ್ಲಿ. ಹಗಲು ದುಡಿದು ರಾತ್ರಿ ಓದುವವರೇ ಹೆಚ್ಚಾಗಿ ಸೇರುವ ಕೋರ್ಸುಗಳಿವು.

ಆಟ ಶುರುವಾದ ಮೇಲೆ ಅದರ ನಿಯಮ ಬದಲಿಸಬಾರದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 7ರಂದು ಹೇಳಿತು. ಓದಿದಾಗ ಸಮಾಧಾನವಾಯಿತು. ಹಾಗೆಯೇ ಆಟ ಶುರುವಾಗುವ ಮೊದಲೇ ನಿಯಮವನ್ನು ಪೂರ್ತಿಯಾಗಿ ಹೇಳಬೇಕು ಎಂದೂ ಯಾರಾದರೂ ಆಜ್ಞೆ ಮಾಡಬೇಕು. ‘ತತ್ಸಮಾನ’ ಎಂದು ಬರೆದಲ್ಲಿ ಯಾವ ಯಾವ ಕೋರ್ಸು ಸಮಾನ ಎಂಬ ಪಟ್ಟಿ ಅಧಿಸೂಚನೆಯ ಜೊತೆಗೇ ಬರಲಿ. ಪಟ್ಟಿಯಲ್ಲಿ ಇಲ್ಲದವರು ಕೇಳಲು ಹದಿನೈದು ದಿನ ಇರಲಿ, ಪರೀಕ್ಷೆಗೆ ಮೊದಲೇ ಲಿಖಿತ ಉತ್ತರ ಸಿಗಲಿ. ‘ಅನರ್ಹ’ ಎಂಬ ಉತ್ತರವಾದರೂ ಸರಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅದನ್ನು ಕೇಳಿ ತಡೆದುಕೊಳ್ಳಬಹುದು, ಇಪ್ಪತ್ತೊಂಬತ್ತರಲ್ಲಿ ಕಷ್ಟ.

ನಾವು ಬೆಳಗಾವಿಯ ನ್ಯಾಯಮಂಡಳಿಗೆ ಹೋಗಲಿಲ್ಲ. ಖರ್ಚನ್ನು ನಾನು ಕೊಡುತ್ತೇನೆಂದೆ, ಅವಳ ತಂದೆ ಒಪ್ಪಲಿಲ್ಲ. ಅಂದಿನಿಂದ ಮೂಲ ಅಂಕಪಟ್ಟಿಯ ಕೆಳಗಿನ ದಿನಾಂಕ ನೋಡದೆ ನಾನು ಅರ್ಜಿ ತುಂಬುವುದಿಲ್ಲ. ಇದರಿಂದ ಕೊನೆಯ ದಿನಗಳಲ್ಲಿ ಗಿರಾಕಿಗಳು ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಯಾರೋ ತುಂಬಿಕೊಡುತ್ತಾರೆ. ಹೋಗುವಾಗ ಅವರ ಕೈಗೆ ಅಧಿಸೂಚನೆಯ ಆ ಒಂದು ಪುಟವನ್ನು ಜೆರಾಕ್ಸ್ ಮಾಡಿ ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಶಿರಹಟ್ಟಿಯ ಹುಡುಗಿ ಮುಂದಿನ ಅಧಿಸೂಚನೆಗೆ ಕಾಯುತ್ತ ರೂಮಿನಲ್ಲೇ ಉಳಿದಳು. 2024ರ ಅಕ್ಟೋಬರ್‌ನಲ್ಲಿ, ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಹಂಚುವ ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸುವುದಿಲ್ಲವೆಂದು ಸರ್ಕಾರ ನಿರ್ಧರಿಸಿತು. ಒಳಮೀಸಲಾತಿ ದಶಕಗಳಿಂದ ಬರಬೇಕಿದ್ದ ನ್ಯಾಯ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಅದು ತೀರ್ಮಾನವಾಗಿ ಸಂಪುಟದ ಒಪ್ಪಿಗೆ ಸಿಗುವಷ್ಟರಲ್ಲಿ 2025ರ ಆಗಸ್ಟ್ ಬಂದಿತ್ತು. ಆ ತಿಂಗಳುಗಳಲ್ಲಿ ನನ್ನ ಅಂಗಡಿಯಲ್ಲಿ ಅರ್ಜಿಯೇ ಇರಲಿಲ್ಲ. ಮಕ್ಕಳು ಬಂದು ಗೋಡೆಯ ಮೇಲಿನ ಹಳೆಯ ಅಧಿಸೂಚನೆಗಳನ್ನೇ ಓದಿ ಹೋಗುತ್ತಿದ್ದರು.

ಮೊನ್ನೆ ಇಬ್ಬರೂ ಒಟ್ಟಿಗೆ ಬಂದರು, ಶಿರಹಟ್ಟಿಯವಳೂ ಹಾನಗಲ್ಲಿನವಳೂ. ಬೇರೊಂದು ಸಣ್ಣ ನೇಮಕಾತಿ, ಕೊನೆಯ ದಿನಕ್ಕೆ ಇನ್ನೂ ಮೂರು ವಾರ ಬಾಕಿ. ಶಿರಹಟ್ಟಿಯವಳು ಪ್ಲಾಸ್ಟಿಕ್ ಫೈಲು ತೆರೆದು ಘಟಿಕೋತ್ಸವದ ಪ್ರಮಾಣಪತ್ರವನ್ನು ಮೇಜಿನ ಮೇಲೆ ಹರಡಿದಳು. ನಾನು ಕೇಳುವ ಮೊದಲೇ ಅಂಕಪಟ್ಟಿಯ ಕೆಳಗಿನ ಆ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ದಿನಾಂಕವನ್ನು ಗಟ್ಟಿಯಾಗಿ ಓದಿದಳು. ಹಾನಗಲ್ಲಿನವಳು ಮೊಬೈಲಿನಲ್ಲಿ ಅಧಿಸೂಚನೆ ತೆರೆದು ವಿದ್ಯಾರ್ಹತೆಯ ಸಾಲನ್ನು ಮತ್ತೊಮ್ಮೆ ಓದಿದಳು. ನಾನು ಮೊದಲು ಜನ್ಮದಿನಾಂಕ ತುಂಬಿದೆ. ಮೂವರೂ ಪರದೆ ನೋಡುತ್ತ ಕೂತೆವು. ಮುಂದಿನ ಪುಟ ತೆರೆಯಿತು.